ತಂಬೂರಿ ಕೇಳಿಸುವಷ್ಟು
ಸಿಡಿಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಧ್ವನಿಮಾಹಿತಿ ಹರಿಯುತ್ತದೆ; ಬ್ಲೂಟೂತ್‌ನ ಮೂಲ ಕೋಡೆಕ್ ಎಸ್‌ಬಿಸಿ ಸಾಮಾನ್ಯವಾಗಿ 328ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸುದ್ದಿಗೆ, ಅಡುಗೆಮನೆಯ ಹಾಡಿಗೆ ಅಷ್ಟು ಧಾರಾಳ ಸಾಕು. ಮಲ್ಲಿಕಾರ್ಜುನ ಮನ್ಸೂರರ ಸ್ವರದ ಹಿಂದೆ ಮಿಡಿಯುವ ತಂಬೂರಿಗಾದರೆ ನಾನು ವೈ-ಫೈ ಮೂಲಕ ಬರುವ ಲಾಸ್‌ಲೆಸ್ ಸ್ಟ್ರೀಮಿಂಗನ್ನೇ ಆರಿಸುತ್ತೇನೆ. ಫೋನಿನಿಂದಲೇ ನಡೆಸಬಹುದಾದ್ದರಿಂದ ಅನುಕೂಲಕ್ಕೂ ಕುಂದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಸ್ಪೀಕರುಗಳ ಜಾಗ. ಜಾಗ ಉಳಿಸಲೆಂದು ಮೂಲೆಗೆ ತುರುಕಿದರೆ ಮಂದ್ರ ಊದಿಕೊಂಡು ಗಾಯಕರ ಉಚ್ಚಾರವೇ ಮಸುಕಾಗುತ್ತದೆ. ಗೋಡೆಯಿಂದ ತುಸು ಮುಂದೆ, ಕಿವಿಯ ಎತ್ತರಕ್ಕೆ, ಕೇಳುವವರೊಂದಿಗೆ ಸಮಬಾಹು ತ್ರಿಕೋನವಾಗುವಂತೆ ಇಟ್ಟು ನೋಡಿ: ಅದೇ ಸ್ಪೀಕರು, ಅದೇ ಹಾಡು, ಆದರೆ ಗಾಯಕರು ಎದುರಿಗೇ ಕುಳಿತಂತಾಗುತ್ತದೆ. (ಹಳೆಯ ಮೋನೊ ಧ್ವನಿಮುದ್ರಿಕೆಗಳಿಗೆ ಒಳ್ಳೆಯ ಸ್ಪೀಕರ್ ಒಂದೇ ಸಾಕು.) ದುಬಾರಿ ಕೇಬಲ್ಲಿಗೆ ಸುರಿಯುವ ಹಣವನ್ನು ದಯವಿಟ್ಟು ಸ್ಪೀಕರಿಗೇ ಹಾಕಿ.