ಕೆಂಪು ಮರಿ, ಕಂದು ತಾಯಿ

ಮಾವಿನ ತಳಿರು ತಾಮ್ರದ ಬಣ್ಣ. ಬಲಿತ ಎಲೆ ಹಸಿರು. ಕಾಡುಹಂದಿಯ ಮರಿಗಳ ಮೈಮೇಲೆ ಉದ್ದುದ್ದ ಪಟ್ಟೆಗಳಿರುತ್ತವೆ; ಬೆಳೆದ ಹಂದಿಗೆ ಇರುವುದಿಲ್ಲ. ಇದನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಹಾವಿನ ವಿಷಯ ಬಂದಾಗ ಮಾತ್ರ ಬಣ್ಣ ಬೇರೆಯಾದರೆ ಜಾತಿಯೂ ಬೇರೆ ಎಂದು ತೀರ್ಮಾನಿಸಿಬಿಡುತ್ತೇವೆ.

ಹರವೆ, ಗುಂಡ್ಲುಪೇಟೆ ಕಡೆಯಂಥ ಒಣಭೂಮಿಯ ಹೊಲಗಳಲ್ಲಿ ಉಳುವಾಗಲೋ ಅರಿಶಿನ ಅಗೆಯುವಾಗಲೋ ಮೋಟು ಬಾಲದ ದಪ್ಪ ಹಾವೊಂದು ಮಣ್ಣಿನಿಂದ ಹೊರಬೀಳುವುದುಂಟು. ಅದೇ ಮಣ್ಣುಮುಕ್ಕ, ಜನರ ಬಾಯಲ್ಲಿ 'ಎರಡು ತಲೆ ಹಾವು'. ಬೆಳೆದ ಹಾವು ಸುಮಾರು ಒಂದು ಮೀಟರ್ ಉದ್ದವಿದ್ದು ಕಡುಗಂದು ಬಣ್ಣ ತಳೆದಿರುತ್ತದೆ. ಅದರ ಮರಿಯನ್ನು ನೋಡಿದರೆ ನಂಬುವುದೇ ಕಷ್ಟ. ಇಟ್ಟಿಗೆಯಂಥ ಕೆಂಪು ಮೈ, ಬಾಲದ ಕಡೆ ಕಪ್ಪು ಪಟ್ಟೆಗಳು! ಈ ಹಾವು ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹಾಗಾಗಿ ಕಂದು ತಾಯಿಯ ಬಳಿಯೇ ಕೆಂಪು ಮರಿಗಳು ಕಂಡರೂ ಆಶ್ಚರ್ಯವಿಲ್ಲ.

ಈ ಬಣ್ಣ ಬದಲಾಗುವುದು ಹೇಗೆ? ಪೊರೆ ಬಿಟ್ಟಾಗ ಹಳೆಯ ಬಣ್ಣ ಕಳಚಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಎಲ್ಲಾದರೂ ಹಾವಿನ ಪೊರೆ ಸಿಕ್ಕಿದರೆ ಗಮನಿಸಿ. ಅದು ಹೆಚ್ಚುಕಡಿಮೆ ಬಣ್ಣವಿಲ್ಲದ ತೆಳು ಹಾಳೆಯಂತಿರುತ್ತದೆ. ಕಳಚುವುದು ಚರ್ಮದ ಮೇಲ್ಪದರ ಮಾತ್ರ. ಬಣ್ಣ ಇರುವುದು ಅದರ ಕೆಳಗಿನ ಪದರದ ವರ್ಣಕೋಶಗಳಲ್ಲಿ. ಹಾವು ಬೆಳೆದಂತೆ ಈ ಕೋಶಗಳಲ್ಲಿ ಮೆಲನಿನ್ ಎಂಬ ಕಪ್ಪು ವರ್ಣಕ ಹೆಚ್ಚಿ, ಕೆಂಪು ಹಳದಿಗಳು ಅದರಡಿ ಮರೆಯಾಗುತ್ತವೆ. ಬದಲಾವಣೆ ನಿಧಾನವಾದದ್ದು. ಪೊರೆ ಬಿಟ್ಟ ಮೇಲೆ ಮೈ ಹೊಳೆಯುವುದರಿಂದ ನಮ್ಮ ಕಣ್ಣಿಗೆ ಆಗ ಎದ್ದು ಕಾಣುತ್ತದೆ, ಅಷ್ಟೆ.

ಅಮೆರಿಕದಲ್ಲಿ ಮನೆಯಲ್ಲಿ ಸಾಕುವ ಕಿಂಗ್ ಸ್ನೇಕ್ ಎಂಬ ವಿಷರಹಿತ ಹಾವಿನ ಕಥೆಯೂ ಹೀಗೆಯೇ. ಅದರ ಒಂದು ಬಗೆಯ ಮರಿಯ ಮೈಮೇಲೆ ತಿಳಿ ಚುಕ್ಕೆಗಳಿದ್ದು, ಬೆಳೆದಾಗ ಪೂರ್ತಿ ಕಪ್ಪಾಗುತ್ತದೆ. ಹೆಸರು ಕೇಳಿ ಇದನ್ನು ನಮ್ಮ ಕಾಳಿಂಗ ಸರ್ಪವೆಂದು ತಿಳಿಯಬೇಡಿ. ಆದರೆ ಕಾಳಿಂಗದ ಮರಿಯ ಎದ್ದುಕಾಣುವ ಪಟ್ಟೆಗಳೂ ವಯಸ್ಸಾದಂತೆ ಮಸುಕಾಗುತ್ತವೆ. ಕೇರೆ ಹಾವಿನ ಮರಿಯ ಕತ್ತಿನ ಕಡೆಯ ಅಡ್ಡಪಟ್ಟೆಗಳೂ ಹಾಗೆಯೇ.

ಇದರಿಂದ ಕಲಿಯಬೇಕಾದ ಒಂದು ಎಚ್ಚರವಿದೆ. ಬಣ್ಣವೊಂದನ್ನೇ ನಂಬಿ ಹಾವನ್ನು ಗುರುತಿಸಬಾರದು. ಕಡು ವಿಷದ ಕಟ್ಟುಹಾವಿನ ಬಿಳಿ ಪಟ್ಟೆಗಳು ಕೆಲವು ಹಾವುಗಳಲ್ಲಿ ಮಸುಕಾಗಿರುತ್ತವೆ. 'ಪಟ್ಟೆ ಇಲ್ಲ, ವಿಷವೂ ಇಲ್ಲ' ಎಂದು ಕೈ ಹಾಕಿದವರಿಗೆ ಅದು ಪ್ರಾಣಕ್ಕೇ ಕುತ್ತಾದೀತು. ಯಾವ ಹಾವು ಕಚ್ಚಿದರೂ ಕಾಲ ಕಳೆಯದೆ ಆಸ್ಪತ್ರೆಗೆ ಹೋಗುವುದೇ ದಾರಿ.

ಮಣ್ಣುಮುಕ್ಕನ ಪಾಡು ಇದಕ್ಕೆ ತದ್ವಿರುದ್ಧ. ಅದಕ್ಕೆ ವಿಷವಿಲ್ಲ; ಮನುಷ್ಯನಿಂದಲೇ ಅದಕ್ಕೆ ಅಪಾಯ. ಹೆದರಿದಾಗ ಅದು ತಲೆಯನ್ನು ಸುರುಳಿಯಡಿ ಬಚ್ಚಿಟ್ಟು ಮೋಟು ಬಾಲವನ್ನು ಎತ್ತುತ್ತದೆ. ಶತ್ರುವಿನ ಏಟು ಬಾಲಕ್ಕೆ ಬೀಳಲಿ ಎಂಬ ಉಪಾಯವಿದು. ಅದನ್ನೇ ಎರಡನೆಯ ತಲೆ ಎಂದು ನಂಬಿ, ಮನೆಯಲ್ಲಿಟ್ಟರೆ ಲಕ್ಷ್ಮಿ ಒಲಿಯುತ್ತಾಳೆಂದು, ಮಾರಿದರೆ ಲಕ್ಷಗಟ್ಟಲೆ ಸಿಗುತ್ತದೆಂದು ಹಿಡಿಯುವವರಿದ್ದಾರೆ. ಡಬ್ಬಿಯಲ್ಲಿ, ಗೋಣಿಚೀಲದಲ್ಲಿ ನರಳಿ ಸಾಯುವುದು ಹಾವು. ಜೈಲು ಸೇರುವುದು ಹಿಡಿದವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ.

ಅದು ತರುವ ನಿಜವಾದ ಭಾಗ್ಯ ಹೊಲದಲ್ಲಿದೆ. ರಾತ್ರಿ ಹೊತ್ತು ಬಿಲ ಹೊಕ್ಕು ಇಲಿಗಳನ್ನು ನುಂಗಿ, ರೈತನ ಕಾಳನ್ನು ಕೂಲಿಯಿಲ್ಲದೆ ಕಾಯುವ ಪ್ರಾಣಿ ಅದು.

ತಂದೆ ತಾಯಂದಿರೇ, ನಿಮ್ಮ ಮಗ ಹೊಲದಲ್ಲಿ ಕೆಂಪು ಹಾವಿನ ಮರಿಯೊಂದನ್ನು ಕಂಡೆ ಎಂದು ಓಡಿಬಂದರೆ ದೊಣ್ಣೆ ಹುಡುಕಬೇಡಿ. ಮುಟ್ಟದೆ ದೂರದಿಂದ ನೋಡಲು, ಕಂಡದ್ದನ್ನು ನೋಟ್ ಪುಸ್ತಕದಲ್ಲಿ ಬರೆದಿಡಲು ಹೇಳಿ. ಕೆಲವು ವರ್ಷಗಳ ನಂತರ ಅದೇ ಬದುವಿನಲ್ಲಿ ಕಂದು ಹಾವೊಂದು ಕಂಡರೆ, ಅದು ಅವನ ಹಳೆಯ ಪರಿಚಯವೇ ಇರಬಹುದು. ಆದರೆ ಬಣ್ಣ ಬದಲಾಗುವವರೆಗೆ ಅದು ಬದುಕಿರಬೇಕಲ್ಲವೇ?