ಥಾಯ್ ಮಸಾಜ್ ಮತ್ತು ತಲೆನೋವು

ಥಾಯ್ಲೆಂಡಿನ ಸಾಂಪ್ರದಾಯಿಕ ಅಂಗಮರ್ದನಕ್ಕೆ ಅಲ್ಲಿನವರು ‘ನುವಾದ್ ಥಾಯ್’ ಎನ್ನುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಎಣ್ಣೆ ಬೇಡ. ಸಡಿಲ ಬಟ್ಟೆ ತೊಟ್ಟು ನೆಲದ ಹಾಸಿಗೆಯಲ್ಲಿ ಮಲಗಿದವರ ಮೈಯನ್ನು ಹೆಬ್ಬೆರಳು, ಅಂಗೈ, ಮೊಣಕೈಗಳಿಂದ ಒತ್ತಿ, ಕೈಕಾಲು ಎಳೆದು ಹಿಗ್ಗಿಸುತ್ತಾರೆ. ಅರಮನೆಯ ಪದ್ಧತಿಯಲ್ಲಿ ಮಾತ್ರ ಒತ್ತುವುದಕ್ಕೆ ಕೈಗಳಷ್ಟೇ ಬಳಕೆ. ಬುದ್ಧನ ವೈದ್ಯ ಜೀವಕ ಈ ವಿದ್ಯೆಯ ಆದಿಗುರುವೆಂಬುದು ಥಾಯ್ ಜನರ ನಂಬಿಕೆ. 19ನೇ ಶತಮಾನದಲ್ಲಿ ಮೂರನೆಯ ರಾಮ ದೊರೆ ಒತ್ತುವ ಬಿಂದುಗಳ ಚಿತ್ರಗಳನ್ನು ಬ್ಯಾಂಕಾಕಿನ ವಾಟ್ ಫೋ ದೇವಾಲಯದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ. 2019ರಲ್ಲಿ ಯುನೆಸ್ಕೊ ಈ ಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಪರಂಪರೆಯ ಹಿರಿಮೆ ಚಿಕಿತ್ಸೆಯ ಪುರಾವೆಯಾಗದು. ದೇಹದಲ್ಲಿ ‘ಸೆನ್’ ಎಂಬ ಹತ್ತು ಮುಖ್ಯ ನಾಡಿಗಳಿವೆ, ಅವು ಕಟ್ಟಿಕೊಂಡರೆ ನೋವು ಬರುತ್ತದೆ ಎನ್ನುತ್ತದೆ ಥಾಯ್ ಶಾಸ್ತ್ರ. ಯೋಗದ ಇಡಾ, ಪಿಂಗಳಾ ನಾಡಿಗಳಿಗೂ ಇವಕ್ಕೂ ನಂಟು ಸ್ಪಷ್ಟ. ಅಂಗರಚನಾಶಾಸ್ತ್ರ ಇಂಥ ನಾಡಿಗಳನ್ನು ಕಂಡಿಲ್ಲ. ಆದರೂ ಒತ್ತಿದಾಗ ನೋವು ಇಳಿಯುವುದಕ್ಕೆ ಬೇರೆ ವಿವರಣೆ ಉಂಟು.

ತಲೆನೋವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಒತ್ತಡದ ತಲೆನೋವು. ತಲೆಗೆ ಪಟ್ಟಿ ಬಿಗಿದಂತಾಗುವ ಈ ನೋವಿನಲ್ಲಿ ಹೆಗಲು, ಕತ್ತು, ತಲೆಬುರುಡೆಯ ಬುಡದ ಸ್ನಾಯುಗಳು ಮುಟ್ಟಿದರೆ ನೋಯುವಷ್ಟು ಬಿಗಿಯಾಗಿರುವುದುಂಟು. ಕತ್ತಿನ ಮೇಲ್ಭಾಗದ ನರಗಳೂ ಮುಖ, ಹಣೆಗಳ ನರವೂ ಮಿದುಳುಕಾಂಡದ ಬಳಿ ಒಂದೇ ಕೇಂದ್ರಕ್ಕೆ ಸುದ್ದಿ ಒಯ್ಯುತ್ತವೆ. ಹೀಗಾಗಿ ಕತ್ತಿನ ನೋವು ಹಣೆಯಲ್ಲಿ ಕಾಣಿಸಿಕೊಳ್ಳಬಹುದು, ಕತ್ತನ್ನು ಒತ್ತಿದಾಗ ಹಣೆ ಹಗುರಾಗಬಹುದು. ದೀರ್ಘಕಾಲದ ಒತ್ತಡದ ತಲೆನೋವಿನಲ್ಲಿ ಅರಮನೆ ಪದ್ಧತಿಯ ಮಸಾಜನ್ನು ಅಮಿಟ್ರಿಪ್ಟಿಲಿನ್ ಮಾತ್ರೆಯೊಂದಿಗೆ ಹೋಲಿಸಿದ ಪರೀಕ್ಷೆಯೊಂದು ಥಾಯ್ಲೆಂಡಿನಲ್ಲಿ ನಡೆದು, ಮಸಾಜಿಗೆ ಅನುಕೂಲವಾದ ಫಲ ನೀಡಿದೆ. ಆದರೆ ಪರೀಕ್ಷೆ ಚಿಕ್ಕದು. ಅಲ್ಲದೆ ಮಸಾಜ್ ಆಯಿತೋ ಇಲ್ಲವೋ ಎಂಬುದನ್ನು ರೋಗಿಯಿಂದ ಮುಚ್ಚಿಡಲಾಗದು. ವಿಶ್ರಾಂತಿ, ಆರೈಕೆ, ನಂಬಿಕೆಗಳ ಪಾಲೆಷ್ಟು, ಒತ್ತುವಿಕೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಇಷ್ಟಾದರೂ ಈ ಚಿಕಿತ್ಸೆಯನ್ನು ತಳ್ಳಿಹಾಕುವುದು ತಪ್ಪು. ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ಸಾಮಾನ್ಯ ನೋವುಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರಬಹುದು. ಅಂಥ ಅಪಾಯದಲ್ಲಿರುವವರಿಗೆ ಮಾತ್ರೆಯಿಲ್ಲದ ಉಪಶಮನ ದೊಡ್ಡ ಆಸರೆ. ಮೈಗ್ರೇನ್ ಇರುವವರಿಗೂ ಕತ್ತಿನ ಬಿಗಿತ ಸಡಿಲಿಸಿಕೊಂಡರೆ ಹಾಯೆನಿಸಬಹುದು, ಆದರೆ ಅದು ಮೈಗ್ರೇನಿನ ಔಷಧಿಗೆ ಬದಲಿಯಲ್ಲ. ಥಾಯ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮಸಾಜಿಗೂ ಜಾಗವಿರುವುದು ಸರಿಯಾದ ಕ್ರಮ: ತಲೆನೋವು ಯಾವ ಬಗೆಯದೆಂದು ಮೊದಲು ವೈದ್ಯರು ನೋಡಲು ಅಲ್ಲಿ ಅನುಕೂಲವಿದೆ. ಬೆಂಗಳೂರಿನ ಸ್ಪಾಗಳಲ್ಲಿ ಥಾಯ್ ಮಸಾಜಿಗೆ ಹೋಗುವವರು ಈ ಕೆಲಸವನ್ನು ತಾವೇ ಮೊದಲು ಮಾಡಿಸಿಕೊಳ್ಳಬೇಕು.

ಕತ್ತನ್ನು ಫಕ್ಕನೆ ತಿರುವಿ ನೆಟಿಕೆ ತೆಗೆಯಲು ಯಾರಿಗೂ ಬಿಡಬಾರದು. ಅಪರೂಪಕ್ಕಾದರೂ ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಭಯವಿದೆ. ಸಿಡಿಲಿನಂತೆ ಒಮ್ಮೆಗೇ ಎರಗಿದ ತಲೆನೋವು, ಜ್ವರದೊಂದಿಗೆ ಕತ್ತು ಸೆಟೆದ ತಲೆನೋವು, ಮಾತು ತೊದಲುವ ಇಲ್ಲವೆ ಕೈಕಾಲು ಸೋಲುವ ತಲೆನೋವು, ತಲೆಗೆ ಪೆಟ್ಟು ಬಿದ್ದ ಮೇಲಿನ ತಲೆನೋವು: ಇವು ಬಂದಾಗ ಮಸಾಜಿಗೆ ಹೋಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.