ನಾಣ್ಯದ ಕುಲುಮೆಗೆ ತಿದಿ ಒತ್ತುತ್ತಿರುವವರು ಯಾರು?

ಹಳೆಯ ನಾಣ್ಯಗಳನ್ನು ಮೂಸೆಗೆ ಸುರಿದು ಕರಗಿಸಿ, ಬಿಸ್ಕತ್ತಿನ ಗಾತ್ರದ ಗಟ್ಟಿ ಮಾಡಿ ತೋರಿಸುವ ವಿಡಿಯೋಗಳನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು. ಚಿನ್ನ-ಬೆಳ್ಳಿ ಕೈಗೆಟಕದವರು ಇದನ್ನಾದರೂ ಕೂಡಿಡಿ ಎನ್ನುವುದು ಅವರ ಉಪದೇಶ. ಆ ಗಟ್ಟಿ ಮನೆಯಲ್ಲಿ ಸಿಕ್ಕರೆ 7 ವರ್ಷದವರೆಗೆ ಜೈಲು ಆಗಬಹುದು ಎಂದು ಮಾತ್ರ ಯಾರೂ ಹೇಳುವುದಿಲ್ಲ.

2011ರ ನಾಣ್ಯ ಕಾಯ್ದೆಯ 12ನೇ ಕಲಂ ಓದಿ. ಚಲಾವಣೆಯ ನಾಣ್ಯ ಕರಗಿಸುವುದು, ಹಾಳುಮಾಡುವುದು ಅಪರಾಧ. ಕರಗಿಸಿದ್ದನ್ನು ಇಟ್ಟುಕೊಳ್ಳುವುದೂ ಅಪರಾಧ. ಇನ್ನೂ ಬಿಗಿಯಾದ ಮಾತೊಂದಿದೆ: ನಾಣ್ಯದಲ್ಲಿ ಯಾವ ಪ್ರಮಾಣದಲ್ಲಿ ಲೋಹಗಳು ಬೆರೆತಿವೆಯೋ ಅದೇ ಪ್ರಮಾಣದ ಲೋಹ ನಿಮ್ಮ ಬಳಿ ಸಿಕ್ಕರೆ, ಅಲ್ಲವೆಂದು ಸಾಬೀತಾಗುವವರೆಗೆ ನೀವು ತಪ್ಪು ಮಾಡಿದಂತೆಯೇ ಲೆಕ್ಕ. 13ನೇ ಕಲಂ ಪ್ರಕಾರ 7 ವರ್ಷದವರೆಗೆ ಸಜೆ, ಜೊತೆಗೆ ದಂಡ.

‘ನಾವು ಕರಗಿಸಿದ್ದು ರದ್ದಾದ ನಾಲ್ಕಾಣೆ’ ಎನ್ನುವವರಿದ್ದಾರೆ. 25 ಪೈಸೆ 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡಿತು, ನಿಜ. ಆದರೆ ಹಳೆಯ ತಾಮ್ರ-ನಿಕ್ಕಲ್ ನಾಲ್ಕಾಣೆಯ ಲೋಹ, ಇಂದಿಗೂ ಚಲಾವಣೆಯಲ್ಲಿರುವ ಹಳೆಯ ತಾಮ್ರ-ನಿಕ್ಕಲ್ ರೂಪಾಯಿಯ ಲೋಹ ಎರಡೂ ಒಂದೇ ಬೆರಕೆ. ಕರಗಿದ ಮೇಲೆ ಸಿಂಹವೂ ಇಲ್ಲ, ಇಸವಿಯೂ ಇಲ್ಲ. ಇದು ನಾಲ್ಕಾಣೆಯದೇ ಎಂದು ಸಾಕ್ಷಿ ಹೇಳುವವರು ಯಾರು?

ಈಗ ಲಾಭದ ಲೆಕ್ಕಕ್ಕೆ ಬರೋಣ. ಲೆಕ್ಕ ಸುಲಭವಾಗಲೆಂದು ತಾಮ್ರಕ್ಕೆ ಕಿಲೋಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ.

ಹಳೆಯ ತಾಮ್ರ-ನಿಕ್ಕಲ್ 5 ರೂಪಾಯಿ ನಾಣ್ಯದ ತೂಕ 9 ಗ್ರಾಂ. ಒಂದು ಕಿಲೋಗೆ 111 ನಾಣ್ಯ, ಮುಖಬೆಲೆ 555 ರೂಪಾಯಿ. ಅದರಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ತಾಮ್ರ ಒಂದೇ 750 ರೂಪಾಯಿ ಆಯಿತು. ಕಾಗದದ ಮೇಲೆ ಆಸೆ ಹುಟ್ಟಿಸುವ ಲೆಕ್ಕವೇ, ನಾವು ಮುಚ್ಚಿಡುವುದಿಲ್ಲ. ಆದರೆ ತಾಮ್ರ, ನಿಕ್ಕಲ್ ಬೇರೆ ಬೇರೆಯಾಗಿ ನಿಮ್ಮ ಕೈಗೆ ಬರುವುದಿಲ್ಲ. ಬರುವುದು ಬೆರಕೆ ಗಟ್ಟಿ. ಅದನ್ನು ಕರಗಿಸಲು ಸುಮಾರು 1,200 ಡಿಗ್ರಿ ಕಾವು ಬೇಕು. ಗುಜರಿಯವನು ಅದಕ್ಕೆ ತಾನು ಹೇಳಿದ್ದೇ ರೇಟು ಎನ್ನುತ್ತಾನೆ. ಮುಖ್ಯವಾಗಿ, ಆ ಗಟ್ಟಿ ತಾಮ್ರದಂತೆ ಕೆಂಪಗಿರುವುದಿಲ್ಲ, ಬೆಳ್ಳಿಯಂತೆ ಬೆಳ್ಳಗಿರುತ್ತದೆ. ನಾಳೆ ಸಂತೆಯಲ್ಲಿ ಬೆಳ್ಳಿ ಎಂದು ಅದನ್ನು ಯಾರ ತಲೆಗೆ ಕಟ್ಟುತ್ತಾರೆ, ಯೋಚಿಸಿ.

ಇನ್ನು 10 ರೂಪಾಯಿ ನಾಣ್ಯ. ತೂಕ 7.71 ಗ್ರಾಂ. ನಡುವಿನ ಬಿಳಿ ಬಿಲ್ಲೆ ಉಕ್ಕು, ಸುತ್ತಲಿನ ಹಳದಿ ಬಳೆ ಮಾತ್ರ ತಾಮ್ರದ ಬೆರಕೆ, ಅದೂ 4.45 ಗ್ರಾಂ. ಒಂದು ಕಿಲೋ ಎಂದರೆ ಸುಮಾರು 130 ನಾಣ್ಯ, 1,300 ರೂಪಾಯಿ. ಕರಗಿಸಿದರೆ ಅದರಲ್ಲಿರುವ ತಾಮ್ರ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು, ಅಂದರೆ 530 ರೂಪಾಯಿ ಚಿಲ್ಲರೆ. 1,300 ಸುಟ್ಟು 530 ಮಾಡುವುದು ವ್ಯಾಪಾರವಲ್ಲ. ಉಕ್ಕಿನ 1 ರೂಪಾಯಿಯ ಕಥೆ ಇನ್ನೂ ಕಡೆ.

ಹಾಗಿದ್ದೂ ಜನ ಡಬ್ಬಿಗಟ್ಟಲೆ ನಾಣ್ಯವನ್ನು ತೂಕಕ್ಕೆ ಹಾಕುವ ಯೋಚನೆಗೆ ಏಕೆ ಬೀಳುತ್ತಾರೆ? ನಮ್ಮ ಸಿಟ್ಟು ಇರುವುದು ಇಲ್ಲಿ.

ಅಂಗಡಿಯವನು 10 ರೂಪಾಯಿ ನಾಣ್ಯ ‘ನಡೆಯಲ್ಲ’ ಎನ್ನುತ್ತಾನೆ. ಬಸ್ಸಿನಲ್ಲಿ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಬ್ಯಾಂಕಿಗೆ ಒಯ್ದರೆ ಎಣಿಸಲು ಆಳಿಲ್ಲ, ನಾಳೆ ಬನ್ನಿ. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂಬ ವಾಟ್ಸಾಪ್ ಪಂಡಿತರು ಬೇರೆ. 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: ಅಲ್ಲಿಯವರೆಗೆ ಬಂದ 14 ವಿನ್ಯಾಸದ 10 ರೂಪಾಯಿ ನಾಣ್ಯಗಳೂ ಚಲಾವಣೆಗೆ ಅರ್ಹ. ಆದರೂ ಹೂ ಮಾರುವ ಅಕ್ಕನ ಡಬ್ಬಿಯಲ್ಲಿ ನಾಣ್ಯ ಸತ್ತು ಬಿದ್ದಿರುತ್ತದೆ. ಹಣವಾಗಿ ಯಾರೂ ಮುಟ್ಟದ ನಾಣ್ಯ ಕೊನೆಗೆ ಲೋಹವಾಗಿ ಉಳಿಯುತ್ತದೆ. ಕುಲುಮೆ ಹಚ್ಚುವವನು ಗುಜರಿಯವನಿರಬಹುದು, ತಿದಿ ಒತ್ತುತ್ತಿರುವುದು ‘ನಡೆಯಲ್ಲ’ ಎನ್ನುವ ಬಾಯಿ.

ಚಿಲ್ಲರೆ ಮಾಯವಾದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. 2007ರಲ್ಲಿ ಪಶ್ಚಿಮ ಬಂಗಾಳದಲ್ಲಿ ನಾಣ್ಯಕ್ಕೆ ಬರ ಬಂತು. ನಮ್ಮ ನಾಣ್ಯ ಕದ್ದು ಬಾಂಗ್ಲಾದೇಶಕ್ಕೆ ಹೋಗಿ ಶೇವಿಂಗ್ ಬ್ಲೇಡ್ ಆಗುತ್ತಿದೆ ಎಂದು ಪೊಲೀಸರು ಹೇಳಿದರು. ಆಗ ಅಸ್ಸಾಂನ ಚಹಾ ತೋಟಗಳಲ್ಲಿ ಕೂಲಿಗಳ ಕೈಗೆ ಚಿಲ್ಲರೆ ಬದಲು ರಟ್ಟಿನ ಚೀಟಿ ಬಂತು. ಲಾಭ ಬ್ಲೇಡಿನವನಿಗೆ, ರಟ್ಟು ಕೂಲಿಯವನಿಗೆ! ನಮ್ಮಲ್ಲಿ ಚಿಲ್ಲರೆ ಬದಲು ಚಾಕೊಲೇಟು ಕೈಗಿಡುವುದೂ ಅದೇ ಜಾತಿಯದು.

ಆದ್ದರಿಂದ ನಮ್ಮ ಮಾತು ಇಷ್ಟು. ನಾಣ್ಯವನ್ನು ತೂಕಕ್ಕೆ ಕೊಡಬೇಡಿ, ಲೆಕ್ಕಕ್ಕೆ ಕೊಡಿ. ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳು 1,000 ರೂಪಾಯಿಯವರೆಗಿನ ಪಾವತಿಗೆ ಕಾನೂನುಬದ್ಧ. ಬ್ಯಾಂಕಿನಲ್ಲಿ ಖಾತೆಗೆ ಕಟ್ಟಲು ರಿಸರ್ವ್ ಬ್ಯಾಂಕ್ ಮಿತಿಯನ್ನೇ ಇಟ್ಟಿಲ್ಲ. ನೂರು ನೂರರಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗಿ. ಆಗಲ್ಲ ಎಂದರೆ, ಆಗಲ್ಲ ಅಂತ ಬರೆದುಕೊಡಿ ಸ್ವಾಮಿ ಎನ್ನಿ. ಬರೆದುಕೊಡಲಿ, ಕೊಡದಿರಲಿ, ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ ಮುಂದಿನ ದಾರಿ ಕೇಳಿ.

ಅಂಗಡಿಯವರೇ, ನಿಮಗೂ ಒಂದು ಮಾತು. ನಾಳೆ ಯಾರಾದರೂ 10 ರೂಪಾಯಿ ನಾಣ್ಯ ನೀಡಿದರೆ ತಗೊಳ್ಳಿ. ಅದೇ ನಾಣ್ಯವನ್ನು ಮುಂದಿನ ಗಿರಾಕಿಗೆ ಚಿಲ್ಲರೆಯಾಗಿ ಕೊಡಿ. ಕೈಯಿಂದ ಕೈಗೆ ಓಡಾಡುವ ನಾಣ್ಯ ಮೂಸೆಗೆ ಬೀಳುವುದಿಲ್ಲ.